ಟ್ಯಾಗ್ ನಂಬರ್ ನೂರ ಹನ್ನೆರಡು

ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಗಂಡಸರನ್ನು ನಾನು ಮೊದಲ ಬಾರಿಗೆ ನೋಡಿದ್ದು ಕುವೈತಿನಲ್ಲಿ. ಮೂಲ್ಕಿಯಲ್ಲಿ ಹುಟ್ಟಿ, ಬಂಗುಡೆ ಸಾರಿನ ವಾಸನೆಯಲ್ಲೇ ಬೆಳೆದ ನನಗೆ ಅದು ಗಂಜಿ ಬಸಿದಿಟ್ಟುಕೊಂಡು ಅನ್ನ ಚೆಲ್ಲಿದ ಹಾಗೆ ಕಂಡಿತ್ತು. ಮದುವೆಯಾದ ಹೊಸತು, ಬಾಯಿಬಿಟ್ಟು ಹೇಳಲಿಲ್ಲ. ಈಗಾದರೆ ಹೇಳುತ್ತಿದ್ದೆ.

ಈ ಹುಚ್ಚಿಗೆ ಮೂಲಪುರುಷರು ಬರ್ನಾರ್ಡ್ ಅಂಕಲ್. ಊರು ಕಲ್ಯಾಣಪುರ. ಮೂವತ್ತೊಂದು ವರ್ಷ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್ ಆಗಿದ್ದರು. ಅಲ್ಲಿ ಅವರ ಜೊತೆ ಕೆಲಸ ಮಾಡಿದ ಸ್ಕಾಟ್ಲೆಂಡಿನ ಎಂಜಿನಿಯರ್ ಒಬ್ಬ ತನ್ನ ಮನೆಯ ಹಳೆಯ ಪುಸ್ತಕವೊಂದನ್ನು ತೋರಿಸಿದನಂತೆ. ಅವನ ಊರಿನ ಹೊಳೆಯಲ್ಲಿ ಸಾಲ್ಮನ್ ಮೀನನ್ನು ಗಾಳ ಹಾಕಿ ಹಿಡಿಯುತ್ತಾರೆ, ಅಳೆಯುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ, ಬಿಟ್ಟುಬಿಡುತ್ತಾರೆ. ಅಜ್ಜ ಶುರು ಮಾಡಿದ ಪುಸ್ತಕವನ್ನು ಮೊಮ್ಮಗ ಬರೆಯುತ್ತಿದ್ದಾನೆ. ಇದನ್ನು ಕೇಳಿದ ದಿನದಿಂದ ಅಂಕಲ್‌ಗೆ ನಿದ್ದೆ ಇಲ್ಲ. ಶುಕ್ರವಾರ ಬೆಳಿಗ್ಗೆ ಎಗೈಲಾದ ಕಡಲ ಬದಿಯಲ್ಲಿ ಗಾಳ ಹಾಕುತ್ತಿದ್ದ ಏಳೆಂಟು ಮಂಗಳೂರು ಕಡೆಯವರನ್ನು ಸೇರಿಸಿ 'ಗಾಳದ ಬಳಗ' ಮಾಡಿಯೇಬಿಟ್ಟರು.

ಬಳಗದ ನಿಯಮಗಳು ಅವರದ್ದೇ. ಮೀನಿನ ಬಾಯಿ ಹರಿಯದ ಹಾಗೆ ಗಾಳದ ತುದಿಯ ಮುಳ್ಳು ಒತ್ತಿ ಚಪ್ಪಟೆ ಮಾಡಿರಬೇಕು. ಒಣಕೈಯಲ್ಲಿ ಮೀನು ಮುಟ್ಟಬಾರದು. ತೂಗಬಾರದು, ಅಳೆಯಬೇಕು, ಅದೂ ಒಂದು ನಿಮಿಷದೊಳಗೆ. ನಲವತ್ತೈದು ಸೆಂಟಿಮೀಟರಿನ ಒಳಗಿನದ್ದನ್ನು ಬೇಕಾದರೆ ಮನೆಗೆ ಒಯ್ಯಬಹುದು. ಅದಕ್ಕಿಂತ ದೊಡ್ಡದಾದರೆ ಬೆನ್ನಿನ ರೆಕ್ಕೆಯ ಬುಡಕ್ಕೆ ಹಳದಿ ದಾರದಂಥ ನಂಬರಿನ ಟ್ಯಾಗ್ ಚುಚ್ಚಿ ಬಿಡಲೇಬೇಕು. ಇಲ್ಲಿ ಎಲ್ಲರಿಗೂ ಪ್ರಾಣವಾದ ಸುಬೈತಿ ಮೀನಿನ ವಿಷಯದಲ್ಲಂತೂ ಅಂಕಲ್ ತುಂಬಾ ಕಟ್ಟುನಿಟ್ಟು. ಆ ಜಾತಿಯಲ್ಲಿ ದೊಡ್ಡವೆಲ್ಲ ಹೆಣ್ಣು.

"ದೊಡ್ಡದು ಅಂದ್ರೆ ತಾಯಿ. ತಾಯಿಯನ್ನು ಫ್ರೈ ಮಾಡುವವ ನಮ್ಮ ಬಳಗದಲ್ಲಿ ಬೇಡ" ಎನ್ನುತ್ತಿದ್ದರು.

ಇದನ್ನೆಲ್ಲ ಬರೆದಿಡಲು ಒಬ್ಬರು ಬೇಕಿತ್ತು. ನಾನು ಅಹ್ಮದಿಯ ಒಂದು ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳ ನಕ್ಷೆಗಳಿಗೆ ನಂಬರ್ ಹಾಕುವುದು, ಸೀಲ್ ಒತ್ತುವುದು, ಸಹಿ ಇಲ್ಲದ ಕಾಗದವನ್ನು ವಾಪಸ್ ಕಳಿಸುವುದು ನನ್ನ ಕೆಲಸ. ದೊಡ್ಡ ದೊಡ್ಡ ಮ್ಯಾನೇಜರುಗಳೇ ನನ್ನ ಮೇಜಿನ ಮುಂದೆ ತಲೆ ಕೆರೆದುಕೊಂಡು ನಿಂತದ್ದುಂಟು. ಅಂಕಲ್ ಬಂದು ರಿಜಿಸ್ಟರನ್ನು ನನ್ನ ಮಡಿಲಿಗೆ ಹಾಕಿದರು. ತಾರೀಕು, ಜಾಗ, ಜಾತಿ, ಉದ್ದ, ಟ್ಯಾಗ್ ನಂಬರ್, ಸಾಕ್ಷಿ, ಸ್ಥಿತಿ. ಎಂಟು ವರ್ಷದಲ್ಲಿ ಆ ಪುಸ್ತಕದಲ್ಲಿ ಒಂದು ಚಿತ್ತಾಗಿರಲಿಲ್ಲ. ಮೀನು ಬಿಡುವುದು ನನಗೆ ಇವತ್ತಿಗೂ ಸಂಕಟವೇ, ಆದರೆ ಬರೆದಿಡುವುದು ನನಗೆ ಇಷ್ಟ.

ಕಳೆದ ನವೆಂಬರಿನ ಒಂದು ಸೋಮವಾರ ಅಂಕಲ್ ಒಬ್ಬರೇ ಗಾಳಕ್ಕೆ ಹೋದರು. ಮಧ್ಯಾಹ್ನ ನನ್ನ ಆಫೀಸಿಗೇ ಬಂದುಬಿಟ್ಟರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ.

"ಅರವತ್ತೆಂಟು, ಆಶಾ! ಸುಬೈತಿ. ಟ್ಯಾಗ್ ನೂರ ಹನ್ನೆರಡು. ಬರಿ."

"ಫೋಟೋ ಅಂಕಲ್?"

"ತೆಗೀಲಿಕ್ಕೆ ಹೋದೆ. ಕೈ ಒದ್ದೆ ಇತ್ತಲ್ಲ, ಫೋನ್ ನೀರಿಗೆ ಬಿತ್ತು."

"ಸಾಕ್ಷಿ?"

"ಸಾಕ್ಷಿಗೆ ಯಾರನ್ನು ಕರೀಲಿ ಮಾರಾಯ್ತಿ, ಕಡಲಿನ ಹಕ್ಕಿಗಳನ್ನಾ?"

ಬಳಗದ ದಾಖಲೆ ಆಗ ಅರವತ್ತೊಂದು. ಅದು ನನ್ನ ಗಂಡ ಯಶೋಧರರದ್ದು. ಏಳು ಸೆಂಟಿಮೀಟರ್ ಹೆಚ್ಚಿನ ಮೀನನ್ನು ಫೋಟೋ ಇಲ್ಲದೆ, ಸಾಕ್ಷಿ ಇಲ್ಲದೆ ಬರೆದುಕೊಳ್ಳುವುದು ಹೇಗೆ? ನಾನು ಸಾಲು ಬರೆದು, ಕೊನೆಯ ಕಾಲಮ್ಮಿನಲ್ಲಿ 'ಸಾಕ್ಷಿ ಇಲ್ಲ, ದಾಖಲೆಗೆ ಸೇರಿಸಿಲ್ಲ' ಎಂದು ಸೇರಿಸಿದೆ. ಅಂಕಲ್ ಕನ್ನಡಕ ಏರಿಸಿ ಓದಿದರು.

"ಸರಿ. ರೂಲ್ ನಾನೇ ಮಾಡಿದ್ದಲ್ವಾ" ಎಂದು ಹೋದರು. ಚಹಾ ತರಿಸಿದ್ದೆ, ಕುಡಿಯಲಿಲ್ಲ.

ಅಲ್ಲಿಂದ ಶುರುವಾಯಿತು ತಮಾಷೆ. ಮಂಗಾಫಿನಲ್ಲಿ ಅಂಗಡಿ ಇಟ್ಟುಕೊಂಡಿರುವ ಮೊಯ್ದೀನ್ ಕುಂಞಿ ಬಳಗದ ಬಾಯಿಬಡುಕ. ಪ್ರತಿ ಶುಕ್ರವಾರ ಅವನದ್ದು ಒಂದೇ ಪ್ರಶ್ನೆ. "ಅಂಕಲ್, ನಿಮ್ಮ ಮೀನು ಈ ವಾರ ಎಷ್ಟಾಯ್ತು? ಎಪ್ಪತ್ತೈದು ದಾಟಿತಾ?" ಎಲ್ಲರೂ ನಗುತ್ತಿದ್ದರು. ಅಂಕಲ್ ಕೂಡ ನಗುತ್ತಿದ್ದರು, ಮೊದಲ ಒಂದೆರಡು ವಾರ.

ಅವರ ಹೆಂಡತಿ ಕಾರ್ಮೆಲ್ ಆಂಟಿ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತರಾದವರು, ಅಳೆದು ತೂಗಿ ಮಾತಾಡುವ ಹೆಂಗಸು. ಮಾರ್ಚಿನಲ್ಲಿ ಒಮ್ಮೆ ನನ್ನನ್ನು ಬದಿಗೆ ಕರೆದು ಹೇಳಿದರು. "ಆಶಾ, ಇವರು ಸೋಫಾದಲ್ಲಿ ಕೂತು ಸುಮ್ಮನೆ ಎರಡು ಕೈ ಅಗಲ ಮಾಡಿ ನೋಡ್ತಾ ಇರ್ತಾರೆ. ಏಪ್ರಿಲಿಗೆ ನಾವು ಊರಿಗೆ ಹೊರಟೆವಲ್ಲ, ಪೂರ್ತಿಯಾಗಿ. ಆ ಒಂದು ಸಾಲು ಸರಿಯಾದ್ರೆ ಅವರು ಖುಷಿಯಲ್ಲಿ ಹೋಗ್ತಾರೆ."

ಮನೆಗೆ ಬಂದು ರಿಜಿಸ್ಟರ್ ತೆರೆದೆ. ಆದರೂ ಬದಲಾಯಿಸಲಿಲ್ಲ. ಇವತ್ತು ಪ್ರೀತಿಗೆ ಒಂದು ಸಾಲು ಬದಲಾಯಿಸಿದರೆ ನಾಳೆ ಮೊಯ್ದೀನ್ ತಿಮಿಂಗಿಲ ಹಿಡಿದೆ ಎಂದು ಬರುತ್ತಾನೆ.

ಏಪ್ರಿಲ್ ಬಂತು. ಅಂಕಲ್, ಆಂಟಿ ಒಂದು ಶುಕ್ರವಾರ ಸಂಜೆಯ ವಿಮಾನಕ್ಕೆ ಹೊರಡುವುದೆಂದಾಯಿತು. ಅದರ ಹಿಂದಿನ ಶನಿವಾರ ನಮ್ಮ ಮನೆಯಲ್ಲಿ ಈ ಘಟನೆ ನಡೆಯಿತು.

ನನ್ನ ಅತ್ತೆ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದರು. ಕುವೈತಿನಲ್ಲಿ ಅವರಿಗೆ ರಸ್ತೆ ಹಿಡಿಸಿತು, ಲಿಫ್ಟ್ ಹಿಡಿಸಿತು, ಎಗೈಲಾದ ಮಾಲಿನ ತಂಪು ಹಿಡಿಸಿತು. ಮೀನು ಮಾತ್ರ ಹಿಡಿಸಲಿಲ್ಲ. "ಕಡಲು ಕಿಟಕಿಯಲ್ಲಿ ಕಾಣ್ತದೆ, ತಿನ್ನುದು ಐಸಿನ ಮೀನು. ಎಂತ ಊರು ಇದು" ಎಂದು ದಿನಕ್ಕೆ ಎರಡು ಸಲ ಅನ್ನುತ್ತಿದ್ದರು. ಮಗ ಗಾಳದ ಬಳಗದ ಅಧ್ಯಕ್ಷ, ಆದರೆ ದೊಡ್ಡ ಮೀನು ಸಿಕ್ಕಿದರೆ ಬಿಟ್ಟು ಬರುತ್ತಾನೆ ಎಂದು ಗೊತ್ತಾದ ದಿನ ಅವರು ಅವನ ಹಣೆ ಮುಟ್ಟಿ ಜ್ವರ ಉಂಟಾ ಎಂದು ನೋಡಿದ್ದರು.

ಆ ಶನಿವಾರ ಯಶೋಧರ ಬೆಳಕು ಹರಿಯುವಾಗಲೇ ಎದ್ದು ಹೋಗಿ, ಎಂಟು ಗಂಟೆಗೆ ಒಂದು ಗೋಣಿಚೀಲದೊಂದಿಗೆ ಬಂದರು. "ಫಹಾಹೀಲ್ ಮಾರ್ಕೆಟಲ್ಲಿ ಒಳ್ಳೆ ಫ್ರೆಶ್ ಸಿಕ್ಕಿತು ಅಮ್ಮ" ಎಂದು ಚೀಲವನ್ನು ಅಡುಗೆಮನೆಯಲ್ಲಿ ಇಟ್ಟು, ನನ್ನ ಮುಖ ನೋಡದೆ ಸ್ನಾನಕ್ಕೆ ಹೋಗಿ, ಮಲಗಿಬಿಟ್ಟರು. ನಾನು ಬಟ್ಟೆ ಒಣಗಿಸುತ್ತಿದ್ದೆ. ಅತ್ತೆಯ ಸಂಭ್ರಮ ನನಗೆ ಅಲ್ಲಿಗೇ ಕೇಳುತ್ತಿತ್ತು. ಒಂದು ಗಂಟೆಯಲ್ಲಿ ಮನೆಯಿಡೀ ಪುಳಿಮುಂಚಿ ಸಾರಿನ ಘಮ.

"ಆಶಾ, ಇಲ್ಲಿಯ ಅಂಗಡಿಯವರು ಬೆಲೆಯ ಚೀಟಿಯನ್ನು ಮೀನಿನ ಬೆನ್ನಿಗೇ ಹೊಲೀತಾರಾ?" ಎಂದು ಅತ್ತೆ ಕೇಳಿದರು.

ಸಿಂಕಿನ ಬದಿಯಲ್ಲಿ, ಹುರುಪೆಗಳ ನಡುವೆ, ಪಾಚಿ ಹಿಡಿದ ಒಂದು ದಾರ ಬಿದ್ದಿತ್ತು. ಕಡಲ ಹುಲ್ಲು ಅಂಟಿಕೊಂಡಿದೆ ಎಂದುಕೊಳ್ಳಬೇಕು, ಹಾಗಿತ್ತು. ಬೆರಳಲ್ಲಿ ಉಜ್ಜಿದೆ. ಒಳಗಿನಿಂದ ಹಳದಿ ಬಂತು. ಇನ್ನೂ ಉಜ್ಜಿದೆ. ನಮ್ಮ ಬಳಗದ ಹೆಸರು ಬಂತು. ಆಮೇಲೆ ಒಂದು, ಒಂದು, ಎರಡು.

ನಲ್ಲಿಯ ಕೆಳಗೆ ಹಿಡಿದು ಮತ್ತೊಮ್ಮೆ ಓದಿದೆ. ಅಂಕಲ್ ಹೇಳಿದ್ದು ನಿಜ! ಐದು ತಿಂಗಳು ನಾವೆಲ್ಲ ಸೇರಿ ನಕ್ಕೆವಲ್ಲ, ಅದು ನಿಜವಾಗಿ ಕಡಲಿನಲ್ಲಿ ಈಜಾಡುತ್ತಿತ್ತು. ಸಂತೋಷಕ್ಕೆ ಕಣ್ಣು ತುಂಬಿತು. ಮರುಕ್ಷಣವೇ ಇನ್ನೊಂದು ವಿಷಯ ಹೊಳೆಯಿತು.

"ಅತ್ತೆ, ತಲೆ ಎಲ್ಲಿ?"

"ಎಲ್ಲಿರ್ತದೆ? ಸಾರಲ್ಲಿ. ತಲೆ ಹಾಕದೆ ಪುಳಿಮುಂಚಿ ಉಂಟಾ?"

ಸೌಟು ಹಾಕಿ ತಲೆಯನ್ನು ಎತ್ತಿದೆ. ಅತ್ತೆ ಬೊಬ್ಬೆ ಹಾಕಿದರು. ಮಸಾಲೆ ಒರೆಸಿ ನೋಡಿದರೆ ತುಟಿಯ ಮೂಲೆಯಲ್ಲಿ ಒಂದು ಸಣ್ಣ ತೂತು, ಹರಿಯದೆ ಚೊಕ್ಕವಾಗಿತ್ತು. ಮುಳ್ಳು ಒತ್ತಿದ ಗಾಳ ಮಾಡುವ ತೂತು ಅದು. ನವೆಂಬರಿನದ್ದಾದರೆ ಇಷ್ಟರಲ್ಲಿ ಮುಚ್ಚಿಹೋಗಿರುತ್ತಿತ್ತು, ಇದು ಹೊಸತು. ಬಲೆಗೆ ಬಿದ್ದು ಮಾರ್ಕೆಟಿಗೆ ಬಂದ ಮೀನಿಗೆ ಆ ತೂತು ಎಲ್ಲಿಂದ ಬರಬೇಕು? ಅಧ್ಯಕ್ಷರು ಒಳಗೆ ಗೊರಕೆ ಹೊಡೆಯುತ್ತಿದ್ದರು.

ಮೊದಲು ಅಳತೆ, ಜಗಳ ಆಮೇಲೆ ಎಂದುಕೊಂಡೆ. ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿ, ಬಳಗದ ಟೇಪ್ ಬಿಡಿಸಿದೆ. ತಲೆ ಸಾರಿನಿಂದ ಬಂತು. ನಾಲ್ಕು ತುಂಡು ಮಸಾಲೆ ಹಚ್ಚಿ ಇಟ್ಟ ಬಟ್ಟಲಿನಿಂದ ಬಂದವು, ಮೂರು ಫ್ರಿಜ್ಜಿನಿಂದ, ಬಾಲ ಕಸದ ಬುಟ್ಟಿಯಿಂದ. ಸಾಲಾಗಿ ಜೋಡಿಸಿದರೆ ಮೀನು ಮೀನಿನಂತೆ ಕಾಣಲಿಲ್ಲ.

"ಅದು ಹಾಗಲ್ಲ" ಎಂದರು ಅತ್ತೆ. ಅಷ್ಟು ಹೊತ್ತು ಬೈಯುತ್ತಿದ್ದವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದರು. "ಇದು ಹೊಟ್ಟೆಯ ತುಂಡು, ಅಲ್ಲಿ ಬರ್ಬೇಕು. ಇದು ಬಾಲದ ಹತ್ರದ್ದು. ನಾನೇ ಕತ್ತರಿಸಿದ್ದಲ್ವಾ, ನಂಗೆ ಗೊತ್ತಿಲ್ವಾ?" ಅವರು ಒಂದೊಂದೇ ತುಂಡನ್ನು ತಿರುಗಿಸಿ, ಮುಳ್ಳಿಗೆ ಮುಳ್ಳು ಕೂರಿಸಿ, ಸಂದಿಲ್ಲದಂತೆ ಒತ್ತಿದರು. ಐವತ್ತು ವರ್ಷ ಮೀನು ಕತ್ತರಿಸಿದ ಕೈ ಅದು. ಮೇಜಿನ ಮೇಲೆ ಕೆಂಪು ತಲೆಯ, ಅರಿಶಿನ ಹೊಟ್ಟೆಯ ಒಂದು ಪೂರ್ತಿ ಸುಬೈತಿ ಎದ್ದುಬಂತು. ಮೂರು ಸಲ ಅಳೆದೆ. ಮೂರು ಸಲವೂ ಅರವತ್ತೊಂಬತ್ತೂವರೆ. ಐದು ತಿಂಗಳಲ್ಲಿ ಒಂದೂವರೆ ಬೆಳೆದಿದೆ. ಹಾಗಾದರೆ ನವೆಂಬರಿನಲ್ಲಿ ಅರವತ್ತೆಂಟು ಎಂದದ್ದು ಅಪ್ಪಟ ಸತ್ಯ.

ನಾನು ಫೋಟೋ ತೆಗೆಯುತ್ತಿದ್ದಾಗ ಯಶೋಧರ ಕಣ್ಣುಜ್ಜಿಕೊಂಡು ಬಂದು ಬಾಗಿಲಲ್ಲಿ ನಿಂತರು. ಮೇಜಿನ ಮೇಲೆ ಜೋಡಿಸಿಟ್ಟ ಮೀನು, ಅದರ ಬದಿಗೆ ಟೇಪು, ಟೇಪಿನ ಬದಿಗೆ ಹಳದಿ ಟ್ಯಾಗು. ಅವರ ಮುಖ ಬಿಳಿಚಿಕೊಂಡಿತು.

"ಟ್ಯಾಗ್ ಇತ್ತಾ? ದೇವರಾಣೆ ನಾನು ನೋಡ್ಲಿಲ್ಲ ಆಶಾ."

"ಟ್ಯಾಗ್ ನೋಡ್ಲಿಲ್ಲ, ಸರಿ. ಉದ್ದ ನೋಡ್ಲಿಲ್ವಾ?"

ಅವರು ಕುರ್ಚಿ ಎಳೆದು ಕುಳಿತರು. "ಬಿಡ್ಲಿಕ್ಕೆ ಅಂತಲೇ ನೀರಲ್ಲಿ ಹಿಡ್ಕೊಂಡೆ ಮಾರಾಯ್ತಿ. ಅಮ್ಮನ ನೆನಪಾಯ್ತು. ಮುಂದಿನ ತಿಂಗಳು ಅವರು ಹೋಗುದಲ್ವಾ. ಕೈ ಬಿಡ್ಲೇ ಇಲ್ಲ."

ಅತ್ತೆ ಮೀನಿನ ತಲೆಯನ್ನು ಎತ್ತಿಕೊಂಡು ಹೋಗಿ ಮತ್ತೆ ಸಾರಿಗೆ ಹಾಕಿದರು. ಅವರ ಕಣ್ಣು ಹೊಳೆಯುತ್ತಿತ್ತು.

ಯಶೋಧರ ಮೆಲ್ಲಗೆ ಶುರು ಮಾಡಿದರು. "ಒಂದು ಕೆಲಸ ಮಾಡು. ಮಾರ್ಕೆಟಲ್ಲಿ ಸಿಕ್ಕಿದ್ದು ಅಂತ ಬರಿ. ಅಂಕಲ್ ರೆಕಾರ್ಡ್ ಆಗ್ತದೆ, ನನ್ನ ಮರ್ಯಾದೆಯೂ ಉಳೀತದೆ. ಯಾರಿಗೂ ನಷ್ಟ ಇಲ್ಲ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಪೆನ್ಸಿಲ್ ತೆಗೆದುಕೊಂಡು 'ಮಾರು' ಎಂದು ಎರಡಕ್ಷರ ಬರೆದೆ ಕೂಡ. ಆಗ ಅದೇ ಪುಟದ ಮೇಲ್ಗಡೆ ನನ್ನದೇ ಕೈಬರಹ ಕಂಡಿತು: ಸಾಕ್ಷಿ ಇಲ್ಲ. ಫೋಟೋ ಒಂದಿಲ್ಲ ಎಂದು ಒಬ್ಬ ಸತ್ಯವಂತನನ್ನು ಐದು ತಿಂಗಳು ಹೊರಗೆ ನಿಲ್ಲಿಸಿದ ಪುಸ್ತಕ ಇದು. ಇದರಲ್ಲಿ ನನ್ನ ಗಂಡನಿಗಾಗಿ ಸುಳ್ಳು ಬರೆಯಲೇ? ಅಳಿಸಿದೆ.

"ನಾನು ಬರೀಲಿಕ್ಕಿಲ್ಲ. ಸಾಲು ಖಾಲಿ ಬಿಡ್ತೇನೆ. ಶುಕ್ರವಾರದೊಳಗೆ ನೀವೇ ಬರೀರಿ, ಎಂತ ಬೇಕಾದ್ರೂ. ಸೀಲ್ ಹಾಕುದಾ ಬೇಡ್ವಾ ಅಂತ ನಾನು ಓದಿ ನೋಡಿ ಹೇಳ್ತೇನೆ" ಎಂದೆ.

ಮಧ್ಯಾಹ್ನ ಊಟ ಮಾಡಿದೆವು. ನಾನು ತಿನ್ನಲಿಲ್ಲ ಎಂದು ಬರೆದರೆ ಅದೂ ಸುಳ್ಳು ದಾಖಲೆಯಾಗುತ್ತದೆ. ಎರಡು ಸಲ ಬಡಿಸಿಕೊಂಡೆ.

ವಾರವಿಡೀ ರಿಜಿಸ್ಟರ್ ಟಿವಿಯ ಪಕ್ಕದಲ್ಲಿ ಬಿದ್ದಿತ್ತು. ಯಶೋಧರ ಅದರ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತಿದ್ದರು. ಗುರುವಾರ ಸಂಜೆ ಬ್ಯಾಗಿಗೆ ಹಾಕುವಾಗ ತೆರೆದು ನೋಡಿದೆ. ಸಾಲು ಖಾಲಿಯೇ ಇತ್ತು. ನನಗೆ ಸಿಟ್ಟಿಗಿಂತ ಹೆಚ್ಚು ದುಃಖವಾಯಿತು. ಹನ್ನೆರಡು ವರ್ಷ ಜೊತೆಗಿದ್ದೇನೆ, ಈ ಮನುಷ್ಯ ಹೆದರುಪುಕ್ಕಲ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಎಗೈಲಾದ ಕಡಲ ಬದಿಯಲ್ಲಿ ಸೇರಿದೆವು. ಅತ್ತೆಯೂ ಬಂದಿದ್ದರು. ಅಂಕಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಕೈಯಲ್ಲಿ ಗಾಳದ ಕೋಲು. ಆಂಟಿ ಚರ್ಚಿನ ಒಂಬತ್ತೂವರೆಯ ಪೂಜೆಗೆ ತಡವಾಗಬಾರದೆಂದು ಗಡಿಯಾರ ನೋಡುತ್ತಿದ್ದರು. ಮೊಯ್ದೀನ್ ಚಹಾದ ಫ್ಲಾಸ್ಕ್ ತೆರೆಯುತ್ತ, "ಅಂಕಲ್, ಊರಿಗೆ ಹೋಗುವಾಗ ಅರವತ್ತೆಂಟನ್ನು ಲಗೇಜಿಗೆ ಹಾಕ್ತೀರಾ, ಕೈಯಲ್ಲಿ ಹಿಡ್ಕೊಳ್ತೀರಾ?" ಎಂದ. ಎಲ್ಲರೂ ನಕ್ಕರು.

ಯಶೋಧರ ನಗಲಿಲ್ಲ. ನನ್ನ ಕೈಯಿಂದ ರಿಜಿಸ್ಟರ್ ತೆಗೆದುಕೊಂಡು, ಜೇಬಿನಿಂದ ಪೆನ್ನು ತೆಗೆದು, ಎಲ್ಲರೂ ನೋಡುತ್ತಿರುವಂತೆ ಕಾರಿನ ಬಾನೆಟ್ಟಿನ ಮೇಲಿಟ್ಟು ಬರೆದರು. ಬರೆದು ಗಟ್ಟಿಯಾಗಿ ಓದಿದರು.

"ಟ್ಯಾಗ್ ನೂರ ಹನ್ನೆರಡು. ಸುಬೈತಿ. ಅರವತ್ತೊಂಬತ್ತೂವರೆ. ಹಿಡಿದವನು ಯಶೋಧರ. ಬಿಟ್ಟಿಲ್ಲ. ಮನೆಗೆ ಕೊಂಡುಹೋಗಿ, ಮಾರ್ಕೆಟಿನದ್ದು ಎಂದು ಅಮ್ಮನಿಗೂ ಹೆಂಡತಿಗೂ ಸುಳ್ಳು ಹೇಳಿ, ತಿಂದಿದ್ದಾನೆ."

ಆಮೇಲೆ ಟ್ಯಾಗನ್ನು ಅಂಕಲ್ ಕೈಗೆ ಕೊಟ್ಟರು. "ಬಿಡದ ಮೀನು ಲೆಕ್ಕಕ್ಕಿಲ್ಲ. ರೆಕಾರ್ಡ್ ನಿಮ್ಮದು ಅಂಕಲ್. ನಾನು ಅಧ್ಯಕ್ಷ ಆಗಿರ್ಲಿಕ್ಕೆ ಲಾಯಕ್ಕಿಲ್ಲ."

ನಾನು ಬ್ಯಾಗಿನಿಂದ ಬಳಗದ ಸೀಲ್ ತೆಗೆದು ಆ ಸಾಲಿನ ಮೇಲೆ ಒತ್ತಿದೆ. ನವೆಂಬರಿನ ಸಾಲಿಗೆ ಹೋಗಿ 'ಸಾಕ್ಷಿ ಇಲ್ಲ' ಎಂಬುದಕ್ಕೆ ಒಂದು ಗೆರೆ ಎಳೆದು, '68, ಒಪ್ಪಿದೆ' ಎಂದು ಬರೆದೆ. ಎಂಟು ವರ್ಷದಲ್ಲಿ ಆ ಪುಸ್ತಕದ ಮೊದಲ ಚಿತ್ತು ಅದು. ಮೊಯ್ದೀನ್ ಫ್ಲಾಸ್ಕ್ ಕೆಳಗಿಟ್ಟು ಬಂದು ಅಂಕಲ್ ಕೈ ಹಿಡಿದುಕೊಂಡ. "ತಪ್ಪಾಯ್ತು ಅಂಕಲ್. ನನ್ನ ಬಾಯಿ ಸ್ವಲ್ಪ ಉದ್ದ."

ಅಂಕಲ್ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಟ್ಯಾಗನ್ನು ಅಂಗೈಯಲ್ಲಿಟ್ಟು ನೋಡುತ್ತಲೇ ಇದ್ದರು.

"ಹಾಗಾದ್ರೆ ಅದು ಈಗ ಇಲ್ಲ" ಎಂದರು.

ಟ್ಯಾಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕಡಲ ಕಡೆ ತಿರುಗಿದರು.

"ನೀವು ನಂಬದೆ ಇದ್ದಾಗ ಬೇಜಾರಾಗಿತ್ತು, ಇಲ್ಲ ಅಂತ ಅಲ್ಲ. ಆದ್ರೆ ಒಂದು ಸಮಾಧಾನ ಇತ್ತು. ಮನೆ ಬಾಡಿಗೆಯದ್ದು, ಕೊಟ್ಟಾಯ್ತು. ಕಾರು ಮಾರಿ ಆಯ್ತು. ಇಲ್ಲಿ ಇರ್ಲಿಕ್ಕೆ ಇದ್ದ ಇಕಾಮಾ ಖಲಾಸ್. ಮೂವತ್ತೊಂದು ವರ್ಷ ಇದ್ದದ್ದಕ್ಕೆ ಇಲ್ಲಿ ನನ್ನದು ಅಂತ ಉಳಿಯುವುದು ಆ ಮೀನೊಂದೇ ಅಂತ ಅಂದ್ಕೊಂಡಿದ್ದೆ."

ಯಶೋಧರರ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ನಾನು ದಾಖಲೆಯನ್ನಷ್ಟೇ ಯೋಚಿಸಿದ್ದೆ, ಮೀನನ್ನು ಯೋಚಿಸಿರಲಿಲ್ಲ.

ಆಗ ಅತ್ತೆ ಮುಂದೆ ಬಂದರು. "ತಿಂದದ್ದು ನಾನು. ನನ್ನ ಮಗನಿಗೆ ಬೈಬೇಡಿ. ಈಗ ಎಂತ ಮಾಡ್ಲಿಕ್ಕಾಗ್ತದೆ? ಗಾಳ ಕೈಯಲ್ಲೇ ಉಂಟಲ್ಲ, ಹಾಕಿ. ಇನ್ನೊಂದು ಹಿಡಿದು ಬಿಟ್ಟು ಹೋಗಿ."

ಅಂಕಲ್ ಅವರನ್ನು ದಿಟ್ಟಿಸಿ ನೋಡಿದರು. ಆಮೇಲೆ ಕೇಳಿದರು. "ಹೇಗಿತ್ತು ಅಮ್ಮ?"

"ಸುಳ್ಳು ಯಾಕೆ ಹೇಳ್ಲಿ, ಬೆಣ್ಣೆ ಬೆಣ್ಣೆ" ಎಂದರು ಅತ್ತೆ.

ಮೊದಲು ನಕ್ಕಿದ್ದು ಕಾರ್ಮೆಲ್ ಆಂಟಿ. ಆಮೇಲೆ ಅಂಕಲ್ ನಕ್ಕರು, ಹೊಟ್ಟೆ ಹಿಡಿದುಕೊಂಡು. "ಯಲ್ಲಾ, ಇರೆ ಸಿಕ್ಕಿಸು ಯಶೋಧರ!"

ಯಶೋಧರ ಗಾಳಕ್ಕೆ ಸಿಗಡಿ ಸಿಕ್ಕಿಸಿಕೊಟ್ಟರು. ಅಂಕಲ್ ಎಸೆದರು. ಅರ್ಧ ಗಂಟೆ ಏನೂ ಇಲ್ಲ. ಆಂಟಿ ಎರಡು ಸಲ ಗಡಿಯಾರ ತೋರಿಸಿದರು. ಎಂಟೂಮುಕ್ಕಾಲಿಗೆ ಕೋಲು ಬಾಗಿತು. ಬಂದದ್ದು ಬೆಳ್ಳಿಯ ಮೈಯ, ಅಂಥ ದೊಡ್ಡದೇನಲ್ಲದ ಒಂದು ಸುಬೈತಿ. ಟೇಪ್ ಹಿಡಿದೆ. ನಲವತ್ತಮೂರು.

"ನಲವತ್ತೈದರ ಒಳಗೆ. ಕೊಂಡುಹೋಗ್ಲಿಕ್ಕೆ ರೂಲ್ ಉಂಟು" ಎಂದು ಮೊಯ್ದೀನ್ ಪಿಸುಗುಟ್ಟಿದ. ಅತ್ತೆಯ ಕಣ್ಣು ಮೀನಿನ ಮೇಲೆಯೇ ಇತ್ತು. ಅದನ್ನು ಅಂಕಲ್ ನೋಡಿದರು. ನೀರಿನಲ್ಲಿ ಮೀನನ್ನು ಎರಡು ಕೈಯಿಂದ ಆಧರಿಸಿಕೊಂಡೇ ಕೇಳಿದರು.

"ನಿಮಗೆ ಬೇಕಾ ಅಮ್ಮ? ಫ್ರೈಗೆ ಸರಿಯಾಗ್ತದೆ."

ಅತ್ತೆ ಸೀರೆ ಎತ್ತಿಕೊಂಡು ನೀರಿಗಿಳಿದು ಅಂಕಲ್ ಪಕ್ಕ ಬಗ್ಗಿದರು. ಮೀನಿನ ಕಿವಿರು ಮೆಲ್ಲಗೆ ತೆರೆದು ಮುಚ್ಚುತ್ತಿತ್ತು. ಇಷ್ಟು ವರ್ಷ ಅವರು ಎಷ್ಟು ಸಾವಿರ ಮೀನು ಕಂಡಿದ್ದಾರೋ, ಬುಟ್ಟಿಯಲ್ಲಿ, ತಟ್ಟೆಯಲ್ಲಿ. ಉಸಿರಾಡುವ ಮೀನನ್ನು ಇಷ್ಟು ಹತ್ತಿರ ಕಂಡಿರಲಿಕ್ಕಿಲ್ಲ.

"ಬೇಡ. ನನ್ನದು ಆಗಿದೆ" ಎಂದರು.

ಅಂಕಲ್ ತಮ್ಮ ಪ್ಯಾಕೆಟ್ಟಿನ ಕೊನೆಯ ಟ್ಯಾಗನ್ನು ಅದಕ್ಕೆ ಚುಚ್ಚಿದರು. ನೂರ ಮೂವತ್ತೊಂದು. "ಹಾಗಾದ್ರೆ ನೀವೇ ಬಿಡಿ. ಕೈ ಒದ್ದೆ ಮಾಡ್ಕೊಳ್ಳಿ."

ಅತ್ತೆ ಮೀನನ್ನು ಹಿಡಿದುಕೊಂಡರು. ಮೀನು ಒಮ್ಮೆ ಬಾಲ ಬಡಿಯಿತು, ಇನ್ನೊಮ್ಮೆ ಬಡಿಯಿತು, ಹೋಯಿತು. ಅತ್ತೆಯ ಮುಖಕ್ಕೆಲ್ಲ ನೀರು ಸಿಡಿದಿತ್ತು. "ಓ, ಹೋಯ್ತು!" ಎಂದು ಸಣ್ಣ ಹುಡುಗಿಯ ಹಾಗೆ ನಕ್ಕರು.

ಸಾಕ್ಷಿಯ ಕಾಲಮ್ಮಿನಲ್ಲಿ ಅವರೇ ಸಹಿ ಹಾಕಿದರು: ಕಲ್ಯಾಣಿ. ಅಕ್ಷರ ಗೆರೆ ದಾಟಿ ಪಕ್ಕದ ಕಾಲಮ್ಮಿಗೆ ಹೋಯಿತು. ಸ್ಥಿತಿ ಎಂಬಲ್ಲಿ ಉಳಿದ ಜಾಗದಲ್ಲೇ 'ಸಮುದ್ರದಲ್ಲಿದೆ' ಎಂದು ಬರೆದೆ. ಅಂಕಲ್ ಅದನ್ನು ಎರಡು ಸಲ ಓದಿ, ಅಂಗಿಯ ಜೇಬಿಗೆ ನೂರ ಹನ್ನೆರಡರ ಟ್ಯಾಗ್ ಹಾಕಿಕೊಂಡು ಪೂಜೆಗೆ ಹೊರಟರು.

ಈಗ ಪ್ರತಿ ಶುಕ್ರವಾರ ಬೆಳಿಗ್ಗೆ ಕಲ್ಯಾಣಪುರದಿಂದ ಅವರ ಫೋನ್ ಬರುತ್ತದೆ.

"ಆಶಾ, ನೂರ ಮೂವತ್ತೊಂದು ಸಿಕ್ಕಿತಾ?"

"ಇಲ್ಲ ಅಂಕಲ್, ಸಿಕ್ಕಲಿಲ್ಲ."

"ಒಳ್ಳೇದಾಯ್ತು" ಎಂದು ಹೇಳಿ ಫೋನ್ ಇಡುತ್ತಾರೆ.